ನಮ್ಮ ಶಾಲೆಯಲ್ಲಿ ಆಪ್ತ ಸಮಾಲೋಚಕರಿಲ್ಲ; ಮಕ್ಕಳ ಮನಸ್ಸಿನ ಆರೈಕೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕ. ಎಂಟರಿಂದ ಹತ್ತನೇ ತರಗತಿಯವರೆಗೆ 180 ಮಕ್ಕಳಿದ್ದಾರೆ. ಹಲವರ ತಂದೆತಾಯಿ ಬೆಂಗಳೂರಿನ ಕಡೆಗೋ ಕಾಫಿ ಸೀಮೆಗೋ ದುಡಿಯಲು ಹೋಗಿರುತ್ತಾರೆ. ಮಕ್ಕಳು ಅಜ್ಜಿಯ ಜೊತೆ ಊರಲ್ಲಿರುತ್ತಾರೆ. ಈ ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ ಜೀವ ಕಳೆದುಕೊಳ್ಳಲು ಪ್ರಯತ್ನಿಸಿ ಬದುಕುಳಿದಿದ್ದಾನೆ; ದಸರಾ ರಜೆ ಮುಗಿದ ಮೇಲೆ ಶಾಲೆಗೆ ಮರಳುತ್ತಾನೆ. ಇಬ್ಬರು ಹುಡುಗಿಯರು ಪ್ರಾರ್ಥನೆಯ ವೇಳೆ ಪದೇ ಪದೇ ಬಿದ್ದುಬಿಡುತ್ತಾರೆ, ಮನೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ವರ್ಷಕ್ಕೊಮ್ಮೆ ಯಾರನ್ನಾದರೂ ಕರೆಸಿ ಉಪನ್ಯಾಸ ಮಾಡಿಸುತ್ತೇವೆ. ಆಪ್ತ ಸಮಾಲೋಚಕರಿಲ್ಲ. ಶಿಕ್ಷಕರು ತಮಗೆ ಸಮಯವಿಲ್ಲ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ನಾವು ಎಲ್ಲಿಂದ ಆರಂಭಿಸಬೇಕು?

ಉತ್ತರ: ಮುಖ್ಯ ಶಿಕ್ಷಕರೇ, ನಿಮ್ಮ ಪತ್ರದಲ್ಲಿ ಮೂರು ಮಕ್ಕಳ ಮಾತಿದೆ. ಕಣ್ಣಿಗೆ ಬಿದ್ದವರು ಅಷ್ಟೇ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಚಿಕಿತ್ಸೆಯ ಅಗತ್ಯವಿರುವಂಥ ಮಾನಸಿಕ ತೊಂದರೆಯಿತ್ತು. ಆ ಪ್ರಮಾಣ ನಿಮ್ಮ ಶಾಲೆಗೂ ಹೊಂದುವುದಾದರೆ, 180 ಮಕ್ಕಳಲ್ಲಿ ಹದಿಮೂರು ಮಂದಿಯಾಯಿತು. ಉಳಿದವರು ಬೀಳುವುದಿಲ್ಲ, ಅಳುವುದಿಲ್ಲ, ಗಲಾಟೆ ಮಾಡುವುದಿಲ್ಲ. ಹಾಜರಿ ಕೂಗಿದಾಗ ‘ಎಸ್ ಸಾರ್’ ಎಂದು ಕುಳಿತಿರುತ್ತಾರೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಮೂವರಿಗೆ ಏನು ಮಾಡಬೇಕೆಂಬುದರ ಜೊತೆಗೆ, ಆ ಹತ್ತು ಮಂದಿ ತಾವಾಗಿಯೇ ಬಂದು ಹೇಳಿಕೊಳ್ಳುವಂಥ ವ್ಯವಸ್ಥೆ ಯಾವುದು ಎಂಬುದನ್ನೂ ನೋಡಬೇಕಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಗೆ ಮನೋವೈದ್ಯರನ್ನು ಕರೆತರುವುದು ಮೊದಲ ಹೆಜ್ಜೆಯಲ್ಲ. ಮಕ್ಕಳ ಮಾತು ಕೇಳುವುದಕ್ಕೆಂದೇ ಸಮಯ ಗೊತ್ತುಮಾಡಿರುವ ಒಬ್ಬ ವ್ಯಕ್ತಿ ಬೇಕು, ಆ ವ್ಯಕ್ತಿಯಿಂದ ಆಸ್ಪತ್ರೆಯವರೆಗೆ ಮೊದಲೇ ಗೊತ್ತಿರುವ ಒಂದು ದಾರಿ ಬೇಕು. ಇವೆರಡೂ ಇಲ್ಲದೆ ಉಪನ್ಯಾಸಗಳಿಂದ ಹೆಚ್ಚಿನ ಪ್ರಯೋಜನವಾಗದು. ಉಪನ್ಯಾಸ ಕೇಳಿ ಧೈರ್ಯ ತಂದುಕೊಂಡ ಮಗು ಮರುದಿನ ಯಾರ ಬಳಿ ಹೋಗಬೇಕು ಎಂಬುದಕ್ಕೆ ಅಲ್ಲಿ ಉತ್ತರವಿರುವುದಿಲ್ಲ.

ಇದಕ್ಕೆ ನಮ್ಮ ದೇಶದಲ್ಲಿಯೇ ಒಳ್ಳೆಯ ಆಧಾರವಿದೆ. ಬಿಹಾರದ ನಾಲಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹೆರ್’ ಎಂಬ ಹೆಸರಿನ ಪ್ರಯೋಗವೊಂದು ನಡೆಯಿತು. ಅದರ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಿಗೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರನ್ನು ನೇಮಿಸಲಾಯಿತು. ಅವರು ಮನಶ್ಶಾಸ್ತ್ರ ಓದಿದವರಲ್ಲ. ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಅಲ್ಲಿನ ಶಿಕ್ಷಕರಿಗೇ ವಹಿಸಲಾಯಿತು. ಗೋಡೆ ಪತ್ರಿಕೆ, ಮಕ್ಕಳು ತಮ್ಮ ದೂರು ಬರೆದು ಹಾಕುವ ಪೆಟ್ಟಿಗೆ, ಪ್ರಾರ್ಥನೆಯ ವೇಳೆ ಚರ್ಚೆ, ಬೇಕಾದವರಿಗೆ ಒಬ್ಬೊಬ್ಬರಾಗಿ ಸಮಾಲೋಚನೆ — ಎರಡೂ ಕಡೆ ಕಾರ್ಯಕ್ರಮ ಒಂದೇ. ಕಾರ್ಯಕರ್ತರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆಯ ಲಕ್ಷಣಗಳು ಇಳಿದವು, ಪೀಡನೆ ಮತ್ತು ಹೊಡೆದಾಟ ಕಡಿಮೆಯಾಯಿತು, ಶಾಲೆ ತಮ್ಮದು ಎಂಬ ಭಾವನೆ ಹೆಚ್ಚಿತು. ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಇದರಿಂದ ಶಿಕ್ಷಕರನ್ನು ದೂಷಿಸುವಂತಿಲ್ಲ. ಪಾಠ, ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬುವುದು, ಚುನಾವಣೆ, ಗಣತಿ ಇವೆಲ್ಲವನ್ನೂ ಹೊತ್ತಿರುವವರಿಗೆ ಮಗುವಿನೆದುರು ಅರ್ಧ ಗಂಟೆ ಸುಮ್ಮನೆ ಕೂರಲು ಬಿಡುವು ಎಲ್ಲಿದೆ? ಜೊತೆಗೆ, ಅಂಕ ಕೊಡುವವರ ಮುಂದೆ, ತಪ್ಪು ಮಾಡಿದಾಗ ಗದರುವವರ ಮುಂದೆ ಮನೆಯ ಕಷ್ಟವನ್ನು ಬಿಚ್ಚಿಡುವುದು ಮಕ್ಕಳಿಗೆ ಸುಲಭವಲ್ಲ. ‘ಸಮಯವಿಲ್ಲ’ ಎಂಬ ನಿಮ್ಮ ಶಿಕ್ಷಕರ ಮಾತನ್ನು ನೆಪವೆಂದು ತಿಳಿಯದೆ, ವ್ಯವಸ್ಥೆಯ ಕೊರತೆಯೆಂದೇ ತಿಳಿದು ಮುಂದುವರಿಯೋಣ.

ಈಗ ನಿಮ್ಮ ಕೈಗೆ ಬಲ ಕೊಡುವ ಒಂದು ಆದೇಶವೂ ಇದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ ಮಾರ್ಗಸೂಚಿಯನ್ನು ನೀಡಿದೆ. ಅದರಂತೆ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರೊಬ್ಬರಾದರೂ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನಡೆಯಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಬಾರದು. ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ನಿಮ್ಮಲ್ಲಿ 180 ಮಕ್ಕಳಿದ್ದಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ನಿರ್ಣಯ ಬರೆದು, ಈ ಮಾರ್ಗಸೂಚಿಯನ್ನು ಉಲ್ಲೇಖಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಮೂಲಕ ಜಿಲ್ಲೆಯ ಉಪನಿರ್ದೇಶಕರಿಗೆ (ಡಿಡಿಪಿಐ) ಸಮಾಲೋಚಕರಿಗಾಗಿ ಬೇಡಿಕೆ ಸಲ್ಲಿಸಿ. ಉತ್ತರ ಬೇಗ ಬರಲಿಕ್ಕಿಲ್ಲ. ಆದರೆ ಬೇಡಿಕೆಯೇ ಇಲ್ಲದ ಕಡೆ ಹುದ್ದೆ ಬರುವುದು ಇನ್ನೂ ಕಷ್ಟ. ಹತ್ತಿರದ ನಾಲ್ಕೈದು ಪ್ರೌಢಶಾಲೆಗಳು ಸೇರಿ ಒಬ್ಬರನ್ನು ಕೇಳಿದರೆ ಮಾತಿಗೆ ತೂಕ ಹೆಚ್ಚು.

ಅಲ್ಲಿಯವರೆಗೆ ಏನು ಮಾಡಬೇಕು? ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ವಿಭಾಗವಿದೆ. ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳು ಓದಿನ ಭಾಗವಾಗಿ ಕ್ಷೇತ್ರಕಾರ್ಯ ಮಾಡಲೇಬೇಕು. ನಿಮ್ಮ ಶಾಲೆಯನ್ನು ಕ್ಷೇತ್ರವಾಗಿ ತೆಗೆದುಕೊಳ್ಳುವಂತೆ ವಿಭಾಗಕ್ಕೆ ಪತ್ರ ಬರೆಯಬಹುದು. ಅವರು ಕಲಿಯುತ್ತಿರುವವರು, ವರ್ಷಾಂತ್ಯಕ್ಕೆ ಹೊರಟುಹೋಗುವವರು ಎಂಬುದನ್ನು ಮರೆಯಬಾರದು. ಅವರ ಮೇಲ್ವಿಚಾರಕರು ಯಾರೆಂದು ಮೊದಲೇ ಕೇಳಿ ತಿಳಿಯಿರಿ, ಅವರು ಎಂದಿನವರೆಗೆ ಇರುತ್ತಾರೆಂಬುದನ್ನು ಮಕ್ಕಳಿಗೂ ಮೊದಲೇ ಹೇಳಿ. ಅದೂ ಸಾಧ್ಯವಾಗದಿದ್ದರೆ ನಿಮ್ಮ ಸಿಬ್ಬಂದಿಯಲ್ಲೇ ಒಬ್ಬರನ್ನು ಆರಿಸಬೇಕಾಗುತ್ತದೆ. ಆಗ ಹಿರಿತನ ನೋಡಬೇಡಿ. ಎಲ್ಲ ಮಕ್ಕಳಿಗೂ ಒಂದೊಂದು ಚೀಟಿ ಕೊಟ್ಟು, ತಮ್ಮ ಹೆಸರು ಬರೆಯದೆ, ‘ತುಂಬಾ ಬೇಸರವಾದರೆ ಈ ಶಾಲೆಯಲ್ಲಿ ಯಾರಿಗೆ ಹೇಳಿಕೊಳ್ಳುತ್ತೀಯ?’ ಎಂಬ ಒಂದೇ ಪ್ರಶ್ನೆಗೆ ಉತ್ತರಿಸಲು ಹೇಳಿ. ಹೆಚ್ಚು ಚೀಟಿಗಳಲ್ಲಿ ಬರುವ ಹೆಸರು ದೈಹಿಕ ಶಿಕ್ಷಕರದ್ದಾಗಿರಬಹುದು, ಬಿಸಿಯೂಟದ ಅಡುಗೆಯ ಅಮ್ಮನದ್ದೂ ಆಗಿರಬಹುದು. ‘ಯಾರೂ ಇಲ್ಲ’ ಎಂದು ಬರೆದ ಚೀಟಿಗಳೆಷ್ಟು ಎಂಬುದನ್ನು ಎಣಿಸಿ ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ನಿಮ್ಮ ಕೆಲಸದ ಅಳತೆ ಅದರಲ್ಲೇ ಸಿಗುತ್ತದೆ. ಹಾಗೆ ಆರಿಸಿದವರು ಶಿಕ್ಷಕರಾಗಿದ್ದರೆ ಅವರಿಗೆ ವಾರದಲ್ಲಿ ಕನಿಷ್ಠ ನಾಲ್ಕು ಪೀರಿಯಡ್ ಬಿಡುವು ಕೊಟ್ಟು, ಅದನ್ನು ವೇಳಾಪಟ್ಟಿಯಲ್ಲೇ ಬರೆಯಿರಿ. ಬರೆಯದ ಬಿಡುವು ಉಳಿಯುವುದಿಲ್ಲ, ಯಾವುದೋ ತರಗತಿಗೆ ಶಿಕ್ಷಕರು ಬಾರದ ದಿನ ಅದು ಮೊದಲು ಹೋಗುತ್ತದೆ.

ಮಗುವಿನೊಡನೆ ಮಾತು ಹೇಗಿರಬೇಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನವರೂ ಎಡವುವುದು ಇಲ್ಲಿಯೇ. ಸ್ಟಾಫ್ ರೂಮಿಗೆ ಕರೆಸಬೇಡಿ. ಎಲ್ಲರಿಗೂ ಕಾಣುವ, ಆದರೆ ಮಾತು ಯಾರಿಗೂ ಕೇಳದ ಜಾಗದಲ್ಲಿ, ಹೊರಗಿನ ಕಟ್ಟೆಯ ಮೇಲಾದರೂ ಸರಿ, ಪಕ್ಕದಲ್ಲಿ ಕುಳಿತುಕೊಳ್ಳಿ. ‘ಏನಾಗಿದೆ ನಿನಗೆ?’ ಎಂದು ಆರಂಭಿಸಿದರೆ ‘ಏನಿಲ್ಲ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನೀವು ಕಂಡದ್ದನ್ನು ಹೇಳಿ: ‘ಎರಡು ವಾರದಿಂದ ನೀನು ಊಟಕ್ಕೆ ಗೆಳತಿಯರ ಜೊತೆ ಕೂರುತ್ತಿಲ್ಲ, ನೋಟ್ಸ್ ಕೂಡ ಬರೆಯುತ್ತಿಲ್ಲ, ಗಮನಿಸಿದೆ. ಹೇಳಬೇಕು ಅನ್ನಿಸಿದರೆ ಕೇಳುತ್ತೇನಮ್ಮ.’ ಆಮೇಲೆ ಸುಮ್ಮನಿರಿ. ಆ ಮೌನ ನಮಗೆ ಕಷ್ಟವಾಗುತ್ತದೆ, ಬುದ್ಧಿಮಾತು ಬಾಯಿಗೆ ಬಂದೇಬಿಡುತ್ತದೆ. ‘ನಿಮ್ಮಪ್ಪ ಎಷ್ಟು ಕಷ್ಟಪಟ್ಟು ಓದಿಸುತ್ತಿದ್ದಾರೆ ಗೊತ್ತಾ’ ಎಂಬ ಮಾತು ಈ ಸೀಮೆಯ ಪ್ರತಿಯೊಂದು ಮಗುವಿಗೂ ಗೊತ್ತು. ಎಷ್ಟೋ ಮಕ್ಕಳು ನರಳುತ್ತಿರುವುದೇ ಆ ಭಾರದಿಂದ. ಮಗು ಹೇಳಿದ ಮೇಲೆ, ಅದು ಹೇಳಿದ್ದನ್ನು ಅದರ ಮಾತಿನಲ್ಲಿಯೇ ಒಮ್ಮೆ ಮರಳಿ ಹೇಳಿ, ‘ಇದರಲ್ಲಿ ಈ ವಾರ ನಾವು ಯಾವುದನ್ನು ಸ್ವಲ್ಪ ಹಗುರ ಮಾಡಬಹುದು?’ ಎಂದು ಕೇಳಿ. ಕಷ್ಟಗಳ ರಾಶಿಯಿಂದ ಒಂದನ್ನು ಎತ್ತಿಕೊಂಡು ಅದಕ್ಕೆ ದಾರಿ ಹುಡುಕುವುದನ್ನು ಕಲಿಸುವುದೇ ಈ ವಯಸ್ಸಿನ ಬಹಳಷ್ಟು ಮಕ್ಕಳಿಗೆ ಸಾಕಾಗುವ ಚಿಕಿತ್ಸೆ.

ಸಾವಿನ ಯೋಚನೆಯ ಸಂಶಯ ಬಂದರೆ ನೇರವಾಗಿಯೇ ಕೇಳಿ: ‘ಬದುಕುವುದೇ ಬೇಡ ಅನ್ನಿಸಿದೆಯಾ? ಸಾಯುವ ಯೋಚನೆ ಬಂದಿದೆಯಾ?’ ಕೇಳುವುದರಿಂದ ಇಲ್ಲದ ಯೋಚನೆಯನ್ನು ತಲೆಯಲ್ಲಿ ಹಾಕಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ; ಅದಕ್ಕೆ ಆಧಾರವಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಮಗು ನಿರಾಳವಾಗುವುದೇ ಹೆಚ್ಚು. ಉತ್ತರ ‘ಹೌದು’ ಎಂದಾದರೆ ಅಂದು ಆ ಮಗುವನ್ನು ಒಂಟಿಯಾಗಿ ಬಿಡಬಾರದು, ಒಂಟಿಯಾಗಿ ಮನೆಗೆ ಕಳಿಸಲೂಬಾರದು. ಮನೆಯ ಹಿರಿಯರೊಬ್ಬರನ್ನು ಕರೆಸಿ, ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು. ದಾರಿ ತಿಳಿಯದಿದ್ದರೆ 14416ಕ್ಕೆ ಕರೆಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ. ಉಚಿತ, ಹಗಲಿರುಳೂ ಕೆಲಸ ಮಾಡುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಜೀವಕ್ಕೆ ಅಪಾಯವಾಗಿದ್ದರೆ ಮೊದಲು 108.

ಮಗು ‘ಯಾರಿಗೂ ಹೇಳಬೇಡಿ ಸಾರ್’ ಎನ್ನುತ್ತದೆ. ಆ ಮಾತು ಕೊಡುವ ಮೊದಲು ಮಿತಿಯನ್ನು ತಿಳಿಸಬೇಕು: ‘ನಿನ್ನ ಜೀವಕ್ಕೆ ಅಪಾಯ ಅಥವಾ ಯಾರಾದರೂ ನಿನ್ನ ಮೇಲೆ ದೌರ್ಜನ್ಯ ಮಾಡುತ್ತಿದ್ದಾರೆ ಅಂದರೆ ನಾನು ಹೇಳಲೇಬೇಕು, ಆದರೆ ಯಾರಿಗೆ ಹೇಳುತ್ತೇನೆ ಅನ್ನುವುದನ್ನು ನಿನಗೆ ಮೊದಲು ತಿಳಿಸುತ್ತೇನೆ.’ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಉಳಿದ ವಿಷಯಗಳು ಸ್ಟಾಫ್ ರೂಮಿನ ಮಾತಾಗಕೂಡದು. ಒಂದು ಮಗುವಿನ ಗುಟ್ಟು ಒಮ್ಮೆ ಹೊರಬಿದ್ದರೆ ಆ ಶಾಲೆಯಲ್ಲಿ ವರ್ಷಗಟ್ಟಲೆ ಬೇರೆ ಯಾವ ಮಗುವೂ ಬಾಯಿಬಿಡುವುದಿಲ್ಲ.

ಇನ್ನು ಆಸ್ಪತ್ರೆಯ ದಾರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು ಇರುತ್ತಾರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ವಿಚಾರಿಸಬೇಕು, ಚಿತ್ರದುರ್ಗದವರು ಅಲ್ಲಿನ ಜಿಲ್ಲಾ ಆಸ್ಪತ್ರೆಗೆ. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಪಕ್ಕದ ಬಳ್ಳಾರಿ ಎಂಬುದನ್ನು ಇಲ್ಲಿ ನೆನೆಯಬೇಕು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಕಾರ್ಯಕರ್ತರು ತರಬೇತಿ ಪಡೆದರೆ ಹಳ್ಳಿಯಲ್ಲೇ ಮಾನಸಿಕ ಕಾಯಿಲೆಗೆ ಆರೈಕೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಅಲ್ಲಿ ತೋರಿಸಿಕೊಟ್ಟಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಆದರೆ ಕಳಿಸುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಆ ವಾರ ಬರುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದ ತಾಯಿಗೆ ‘ಇವತ್ತು ಡಾಕ್ಟರ್ ಇಲ್ಲ’ ಎಂದರೆ ಆಕೆ ಎರಡನೆಯ ಬಾರಿ ಬರುವುದಿಲ್ಲ. ಮೊದಲ ಭೇಟಿಗೆ ಶಾಲೆಯ ಕಡೆಯಿಂದ ಒಬ್ಬರು ಜೊತೆಗೆ ಹೋದರೆ ಆಗುವ ಉಪಕಾರ ದೊಡ್ಡದು. ತಾಲ್ಲೂಕಿನಲ್ಲಿ ಹದಿಹರೆಯದವರಿಗಾಗಿ ನಡೆಯುವ ಸ್ನೇಹ ಕ್ಲಿನಿಕ್‌ನ ಸಮಾಲೋಚಕರನ್ನೂ ಪರಿಚಯ ಮಾಡಿಕೊಳ್ಳಿ.

ಆ ಇಬ್ಬರು ಹುಡುಗಿಯರ ವಿಷಯ. ಮೊದಲು ಆರೋಗ್ಯ ಕೇಂದ್ರದಲ್ಲಿ ರಕ್ತಹೀನತೆ, ಬೆಳಗಿನ ಉಪವಾಸ, ಮೂರ್ಛೆರೋಗ ಇವುಗಳ ಪರೀಕ್ಷೆಯಾಗಬೇಕು. ಬೆಳಿಗ್ಗೆ ಏನೂ ತಿನ್ನದೆ ದೂರದಿಂದ ನಡೆದು ಬರುವ ಮಕ್ಕಳು ಬಿಸಿಲಿನಲ್ಲಿ ನಿಂತು ಬೀಳುವುದು ಸಹಜ. ಅವೆಲ್ಲ ಇಲ್ಲವೆಂದಾದರೆ, ಬಾಯಲ್ಲಿ ಹೇಳಲಾಗದ ಸಂಕಟ ಮೈಯಲ್ಲಿ ಕಾಣಿಸಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಇದು ನಟನೆಯಲ್ಲ, ‘ನಾಟಕ ಆಡುತ್ತಾಳೆ’ ಎಂದು ಗದರಿದರೆ ಹೆಚ್ಚಾಗುತ್ತದೆ, ಎಲ್ಲರೂ ಸುತ್ತ ಸೇರಿ ಗಾಬರಿಪಟ್ಟರೂ ಹೆಚ್ಚಾಗುತ್ತದೆ. ಒಬ್ಬರೇ ಇದ್ದು ಉಪಚರಿಸಿ, ಉಳಿದವರನ್ನು ತರಗತಿಗೆ ಕಳಿಸಿ; ಚೇತರಿಸಿಕೊಂಡ ಮೇಲೆ ಬೇರೆ ಹೊತ್ತಿನಲ್ಲಿ ಮನೆಯ ವಿಷಯ ಕೇಳಿ. ಈ ಭಾಗದಲ್ಲಿ ಒಂಬತ್ತು, ಹತ್ತನೇ ತರಗತಿಯ ಹುಡುಗಿ ಹೀಗಾದಾಗ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆಯೇ ಎಂದು ನಾನು ತಪ್ಪದೆ ವಿಚಾರಿಸುತ್ತೇನೆ. ಹಾಗಿದ್ದರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು. ಮದುವೆ ನಿಲ್ಲದೆ ಆ ಮಗುವಿಗೆ ಯಾವ ಮಾತ್ರೆಯೂ ನಾಟುವುದಿಲ್ಲ.

ಮನೆಯವರು ಗಾಳಿ ಎಂದಾಗ ವಾದಕ್ಕಿಳಿಯಬೇಡಿ. ನಾಯಕನಹಟ್ಟಿಯ ದೇವಸ್ಥಾನಕ್ಕೆ ಹೋಗಿ ಬರುತ್ತೇವೆ ಎಂದರೆ ಹೋಗಿ ಬರಲಿ. ದೇವರ ಮೇಲಿನ ನಂಬಿಕೆ ಆ ಮನೆಗೆ ಧೈರ್ಯ ಕೊಡುತ್ತದೆ. ‘ಹರಕೆ ತೀರಿಸಿ ಬನ್ನಿ ಅಜ್ಜಿ, ಮಂಗಳವಾರ ಆಸ್ಪತ್ರೆಗೂ ಹೋಗೋಣ’ ಎಂದರೆ ಒಪ್ಪುವವರೇ ಹೆಚ್ಚು. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡಹುವುದು ಇಂಥವುಗಳ ವಿಷಯದಲ್ಲಿ ಮಾತ್ರ ಸ್ಪಷ್ಟವಾಗಿ ಬೇಡವೆನ್ನಬೇಕು.

ಶಾಲೆಯ ದಿನಚರಿಯ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಉತ್ತರಪತ್ರಿಕೆ ಕೊಡುವಾಗ ಅಂಕಗಳನ್ನು ಕೂಗಿ ಹೇಳುವುದನ್ನು ನಿಲ್ಲಿಸಿ. ಎಷ್ಟು ಹೇಳಿದರೂ ಓದಲು, ಬರೆಯಲು ಬಾರದ ಮಗುವನ್ನು ದಡ್ಡ ಎನ್ನುವ ಮೊದಲು ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೆ ಮಾನ್ಯತೆಯಿದೆ, ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗಳಿವೆ. ಹತ್ತನೇ ತರಗತಿಯ ಜನವರಿಯಲ್ಲಿ ಎಚ್ಚರವಾದರೆ ಪ್ರಮಾಣಪತ್ರ ಸಕಾಲಕ್ಕೆ ಕೈಗೆ ಸಿಗುವುದು ಕಷ್ಟ, ಎಂಟರಲ್ಲೇ ಆರಂಭಿಸಿ. ಫಲಿತಾಂಶದ ದಿನ ಅನುತ್ತೀರ್ಣರಾದ ಮಕ್ಕಳ ಮನೆಗೆ ಶಿಕ್ಷಕರು ಹಂಚಿಕೊಂಡು ಹೋಗಬೇಕು. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ ಎಂಬುದನ್ನು ತಂದೆತಾಯಿಗೆ ಮುಖತಃ ಹೇಳುವುದಕ್ಕೆ ಅದಕ್ಕಿಂತ ಸರಿಯಾದ ದಿನ ಬೇರಿಲ್ಲ. ಶಾಲೆ ಬಿಟ್ಟು ಊರಲ್ಲಿರುವ ಹುಡುಗರಿಗೆ ಜಿಲ್ಲಾ ಕ್ರೀಡಾಂಗಣದಲ್ಲಿರುವ, ಯುವಜನರಿಗೆ ಸಲಹೆ ನೀಡುವ ಯುವ ಸ್ಪಂದನ ಕೇಂದ್ರವಿದೆ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಅದರ ವಿವರ ಮತ್ತು 14416 ಎರಡನ್ನೂ ಹಾಕಿಸಿ. ಗ್ರಾಮ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಶೌಚಾಲಯ, ಬಸ್ಸು, ಕುಡಿಯುವ ನೀರಿನ ಜೊತೆಗೆ ಸಮಾಲೋಚಕರ ಬೇಡಿಕೆಯನ್ನೂ ಮಕ್ಕಳೇ ಇಡಲಿ.

ಕೊನೆಯದಾಗಿ, ರಜೆ ಮುಗಿಸಿ ಬರುವ ಹುಡುಗ. ಪೊಲೀಸ್ ಕೇಸಿನ ಭಯ ಮನೆಯವರಿಗಿದ್ದರೆ ಅದನ್ನು ಮೊದಲು ಹೋಗಲಾಡಿಸಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಶಾಲೆ ಆರಂಭವಾಗುವ ಮೊದಲು ನೀವೂ ಅವನು ನಂಬುವ ಶಿಕ್ಷಕರೊಬ್ಬರೂ ಮನೆಗೆ ಹೋಗಿ ಬನ್ನಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡದೆ, ಬೀಗ ಹಾಕಿದ ಜಾಗದಲ್ಲಿಟ್ಟು ಕೀಲಿಯನ್ನು ಹಿರಿಯರ ಬಳಿ ಇಟ್ಟುಕೊಳ್ಳುವಂತೆ ಅಲ್ಲಿಯೇ ಹೇಳಿ, ನೋಡಿ ಬನ್ನಿ. ಆಪತ್ತಿನ ಗಳಿಗೆ ಬಹಳ ಸಲ ಚಿಕ್ಕದಾಗಿರುತ್ತದೆ, ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ವೈದ್ಯರ ಮುಂದಿನ ಭೇಟಿ ಎಂದು, ಮಾತ್ರೆ ಕೊಡುವವರು ಯಾರು ಎಂಬುದನ್ನು ಬರೆದುಕೊಳ್ಳಿ. ಸಹಪಾಠಿಗಳು ಕೇಳಿದರೆ ಏನು ಹೇಳಬೇಕೆಂಬುದನ್ನು ಅವನೇ ನಿರ್ಧರಿಸಲಿ. ‘ಹುಷಾರಿರಲಿಲ್ಲ, ಈಗ ಪರವಾಗಿಲ್ಲ’ ಎಂಬಷ್ಟೇ ಸಾಕೆಂದರೆ ಅಷ್ಟೇ ಸಾಕು, ಶಿಕ್ಷಕರೆಲ್ಲರೂ ಅದನ್ನೇ ಹೇಳಬೇಕು.

ಪ್ರಾರ್ಥನೆಯಲ್ಲಿ ಅವನ ವಿಷಯ ಎತ್ತಬೇಡಿ. ‘ಜೀವ ಅಮೂಲ್ಯ’ ಎಂಬ ಭಾಷಣ ಆ ವಾರ ಬೇಡವೇ ಬೇಡ. ಆದರೆ ಅವನ ಆಪ್ತ ಗೆಳೆಯರನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿ, ಅವರಲ್ಲಿ ಯಾರಾದರೂ ತಮ್ಮಿಂದಲೇ ಹೀಗಾಯಿತೆಂದು ಒಳಗೇ ಕೊರಗುತ್ತಿರಬಹುದು. ಮೊದಲ ಮೂರು ತಿಂಗಳು ಹೆಚ್ಚು ಎಚ್ಚರ ಬೇಕಾದ ಕಾಲ: ವಾರಕ್ಕೊಮ್ಮೆ ಅದೇ ವ್ಯಕ್ತಿ, ಅದೇ ಹೊತ್ತಿನಲ್ಲಿ, ಹತ್ತು ನಿಮಿಷವಾದರೂ ಅವನೊಡನೆ ಕೂರಬೇಕು, ಅವನು ಚೆನ್ನಾಗಿದ್ದಾನೆ ಎಂದು ಕಂಡ ವಾರವೂ ಅದು ತಪ್ಪಬಾರದು. ತಪ್ಪಿಹೋದ ಸಂಕಲನಾತ್ಮಕ ಪರೀಕ್ಷೆಯನ್ನು ಬಂದ ದಿನವೇ ಬರೆಸದೆ, ಬಿಟ್ಟುಹೋದ ಪಾಠಗಳನ್ನು ಗೆಳೆಯನೊಬ್ಬನ ಜೊತೆ ಕೂರಿಸಿ ಹೇಳಿಕೊಟ್ಟ ಮೇಲೆ, ಅವನು ಸಿದ್ಧನೆಂದಾಗ ಬರೆಸಿ. ಹಾಜರಾತಿ ಕಡಿಮೆಯಾಗಿದ್ದರೆ ವೈದ್ಯಕೀಯ ಪ್ರಮಾಣಪತ್ರವನ್ನು ಈಗಲೇ ಪಡೆದು ಕಡತದಲ್ಲಿಡಿ. ಪತ್ರದಲ್ಲಿ ಕಾಯಿಲೆಯ ವಿವರ ಬೇಕಿಲ್ಲ, ಚಿಕಿತ್ಸೆಯಲ್ಲಿದ್ದ ದಿನಾಂಕಗಳಿದ್ದರೆ ಸಾಕೆಂದು ವೈದ್ಯರಿಗೆ ತಿಳಿಸಿ.